ಬೀಗ ಹಾಕಿದ ಮೇಲೂ ಹಳದಿ

ವಾರಗಿತ್ತಿಯ ಮೇಲೆ ನನಗೆ ಗುಮಾನಿ ಶುರುವಾದದ್ದು ಗಿಡಗಳ ಚಿಗುರು ಹಳದಿಗೆ ತಿರುಗಿದಾಗ. ಅದಕ್ಕೆ ಮೊದಲೂ ಇತ್ತು, ಆದರೆ ಆಗ ತೋರಿಸಲು ಏನೂ ಇರಲಿಲ್ಲ.

ಶಂಕರಪುರದ ನಮ್ಮ ಮನೆಯಲ್ಲಿ ಕೆಳಗೆ ನಾನು, ಮೇಲೆ ಅವಳು, ಅವಳ ತಲೆಯ ಮೇಲೆ ತಾರಸಿ. ತಾರಸಿಯಲ್ಲಿ ನನ್ನ ಹನ್ನೆರಡು ಪಾಟು. ಅವುಗಳ ನೀರಿನಿಂದ ತನ್ನ ಅಡುಗೆಮನೆಯ ಸೀಲಿಂಗು ತೇವ ಹಿಡಿಯುತ್ತಿದೆ ಎಂದು ಅವಳ ದೂರು.

“ಅಕ್ಕ, ಹೋದ್ ಸಲ ಟೊಮ್ಯಾಟೊ ಅಂದ್ರಿ, ಒಂದ್ ದಿನದ್ ಸಾರಿಗೂ ಆಗ್ಲಿಲ್ಲ. ಬದ್ನೆಕಾಯಿ ಅಂದ್ರಿ, ಹುಳ ತಿಂತು. ಸೋರೋದ್ ಮಾತ್ರ ನನ್ ತಲೆ ಮೇಲೆ.”

“ಇದೊಂದ್ ಬೆಳೆ ನೋಡು. ಬರ್ಲಿಲ್ಲಾಂದ್ರೆ ಹನ್ನೆರಡೂ ಕೆಳಗಿಳಿಸ್ತೀನಿ” ಎಂದುಬಿಟ್ಟೆ.

ಕೆಳಗೆ ಗೇಟಿನ ಹತ್ತಿರ ಬಿಸಿಲು ಒಂಬತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗುತ್ತದೆ. ಅಲ್ಲಿ ತುಳಸಿಯೇ ಬಡಕಲು. ಪಾಟು ಇಳಿದರೆ ನನ್ನ ಬೇಸಾಯ ಮುಗಿದಂತೆಯೇ.

ಬೀಜ ತಂದವಳು ಮೊಮ್ಮಗಳು. “ಎಡಮಾಮೆ ಅಂತ ಅಜ್ಜಿ, ಜಪಾನ್ ಕಡೇದು. ಹಸಿರಿದ್ದಾಗ್ಲೇ ಕಿತ್ತು ಸಿಪ್ಪೆ ಸಮೇತ ಉಪ್ಪುನೀರಲ್ಲಿ ಬೇಯ್ಸೋದು.” ಪೊಟ್ಟಣದ ಮೇಲಿನ ಅಕ್ಷರ ಕೂಡಿಸಿಕೊಂಡು ಓದಿದೆ. ಸೋಯಾ ಅವರೆ ಎಂದಿತ್ತು. ಹೆಸರು ಬದಲಾಯಿಸಿ ಬೆಲೆ ಏರಿಸಿದ್ದಾರೆ ಅಂದುಕೊಂಡೆ. ಆದರೂ ಅವರೆ ಜಾತಿಯಲ್ಲವೇ, ಅವರೆ ನನಗೆ ಗೊತ್ತು. ಪಾಟಿಗೆ ಮೂರು ಬೀಜ, ಬೆರಳ ಒಂದು ಗೆಣ್ಣಿನಷ್ಟು ಆಳ. ಐದಾರು ದಿನಕ್ಕೆ ಎದ್ದವು.

ಅವರೆಗೆ ಹೇನು ಹತ್ತುತ್ತದೆ. ನಮ್ಮಮ್ಮ ಬೆಳಗ್ಗೆ ಇಬ್ಬನಿ ಆರುವ ಮೊದಲು ಒಲೆಬೂದಿ ಎರಚುತ್ತಿದ್ದಳು. ಈಗ ಒಲೆ ಎಲ್ಲಿದೆ? ಬೀದಿ ಕೊನೆಯಲ್ಲಿ ಇಸ್ತ್ರಿ ಗಾಡಿಯವನಿದ್ದಾನೆ, ಇನ್ನೂ ಇದ್ದಿಲಿನ ಪೆಟ್ಟಿಗೆಯಲ್ಲೇ ತೀಡುತ್ತಾನೆ. ಅವನಿಂದ ಡಬ್ಬಿ ತುಂಬ ಬೂದಿ ತಂದು ಎಲೆಗೆ ಎರಚಿದೆ. ಮಿಕ್ಕದ್ದನ್ನು ಗೊಬ್ಬರವಾಗಲಿ ಎಂದು ಬುಡಕ್ಕೆ ಸುರಿದೆ. ವಾರ ವಾರವೂ ಹೀಗೇ. ಹೇನು ಹತ್ತಲಿಲ್ಲ.

ಎಲೆ ಹಳದಿಯಾಯಿತು. ನರ ಹಸಿರು, ನಡುವೆ ಅರಿಸಿನ. ಇಂಥದ್ದನ್ನು ನಾನು ಕಂಡಿರಲಿಲ್ಲ. ಏನೋ ಸುರಿದಿದ್ದಾಳೆ ಅನ್ನಿಸಿತು. ಮಣ್ಣು ಮೂಸಿದೆ. ಸೋಪಿಲ್ಲ, ಫಿನಾಯಿಲ್ ಇಲ್ಲ. ವಾಸನೆ ಬಾರದ್ದೇ ಅನುಮಾನ ಹೆಚ್ಚಿಸಿತು. ಹುಷಾರಿ ಹೆಂಗಸು.

“ಏನಮ್ಮ, ಬಟ್ಟೆ ಒಗೆದ ನೀರು ಎಲ್ಲಿಗೆ ಚೆಲ್ತೀಯ?”

“ಮೋರಿಗೆ. ಇನ್ನೆಲ್ಲಿಗೆ ಅಕ್ಕ, ನಿಮ್ ತಲೆ ಮೇಲಾ?”

ಅವತ್ತೇ ತಾರಸಿಯ ಬಾಗಿಲಿಗೆ ಹೊಸ ಬೀಗ ಹಾಕಿದೆ. ಕೀಲಿ ಒಂದೇ. ಅದು ನನ್ನ ಸೊಂಟದಲ್ಲಿ.

“ಸಂಡಿಗೆ ಎಲ್ಲಿ ಒಣಗಿಸ್ಲಿ?”

“ಬಾಲ್ಕನೀಲಿ ಒಣಗ್ಸು.”

ಅವಳು ಮಾತು ಬಿಟ್ಟಳು. ನನಗದು ಕಷ್ಟವೇನೂ ಆಗಲಿಲ್ಲ.

ಹತ್ತು ದಿನ ಕಳೆಯಿತು. ಬೀಗ ಹಾಕಿದ ಮೇಲೆ ಒಡೆದ ಚಿಗುರೂ ಹಳದಿಯೇ. ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಬಾಗಿಲು ಮುರಿದಿಲ್ಲ. ಒಳಗೆ ಹೋಗಿಬರುವವಳು ನಾನೊಬ್ಬಳೇ. ಹಾಗಾದರೆ ಗುಮಾನಿ ಪಡಬೇಕಾದದ್ದು ನನ್ನ ಮೇಲೆ.

ಎದ್ದು ಒಂದೊಂದೇ ಪಾಟು ನೋಡಿದೆ. ನೀರಿನ ಟ್ಯಾಂಕಿನ ಹಿಂದಿನ ಸಂದಿಯಲ್ಲಿ ಒಂದಿತ್ತು. ಮಂಡಿನೋವಿನಿಂದ ನಾನು ಅಲ್ಲಿಗೆ ನುಗ್ಗುವುದಿಲ್ಲ, ಅದಕ್ಕೆ ಬೀಜ ಊರಿದವಳೂ ಮೊಮ್ಮಗಳೇ, ನಾನು ದೂರದಿಂದ ಪೈಪು ಹಿಡಿಯುತ್ತೇನೆ. ಅದು ಕಡುಹಸಿರು. ಅದೇ ಮಣ್ಣು, ಅದೇ ನೀರು. ಅದಕ್ಕೆ ಸಿಗದೆ ಇದ್ದದ್ದು ಬೂದಿ ಒಂದೇ. ಬೂದಿ ಹೆಚ್ಚಾದರೆ ಈ ಗಿಡಕ್ಕೆ ಮಣ್ಣಿನ ಕಬ್ಬಿಣಾಂಶ ಹಿಡಿಯುವುದಿಲ್ಲವೆಂದು ಆಮೇಲೆ ನರ್ಸರಿಯವನು ಹೇಳಿದ. ಮೇಲ್ಮಣ್ಣು ಕೆರೆದು ಗೊಬ್ಬರ ಹಾಕಿದೆ. ಹೊತ್ತು ಮೀರಿತ್ತು. ಹನ್ನೊಂದು ಪಾಟಿನಲ್ಲಿ ಕಾಯಿ ಜೊಳ್ಳು. ಹಿಂದಿನದರಲ್ಲಿ ಮಾತ್ರ ರೋಮ ರೋಮದ ಕಾಯಿ, ಒಳಗೆ ಕಾಳು ತುಂಬಿ ಉಬ್ಬಿದ್ದವು. ಹಸಿರು ಮಾಸುವ ಮೊದಲೇ ಕಿತ್ತು ಬೇಯಿಸಿ, ಬಟ್ಟಲು ಹಿಡಿದು ಮೇಲೆ ಹೋದೆ.

ಅವಳು ಒಂದು ಕಾಯಿ ಹಿಸುಕಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ತೆಗೆದುಕೊಂಡಳು. ಬೂದಿಯ ವಿಷಯ ಹೇಳಿದೆ. ಹೇಳದಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ.

“ಅಂದ್ರೆ ಕೆಡಿಸಿದ್ದು ನೀವೇ. ಬೈಸ್ಕೊಂಡಿದ್ದು ನಾನು.”

“ಹೂಂ.”

“ಮಾತು ಅಂದ್ರೆ ಮಾತು ಅಕ್ಕ. ಹನ್ನೊಂದು ಇಳಿಸಿ. ಆ ಹಿಂದ್ಗಡೇದು ಇರ್ಲಿ, ಅದೇನೂ ತಪ್ ಮಾಡಿಲ್ಲ. ಕೀಲಿ ಕೊಡಿ.”

ಕೊಟ್ಟೆ. ಹನ್ನೊಂದನ್ನೂ ಇಳಿಸಿ ಗೇಟಿನ ಪಕ್ಕ ಸಾಲಾಗಿ ಇಡಿಸಿ, ಅಷ್ಟು ಬಿಸಿಲೇ ಸಾಕಾಗುತ್ತದೆಂದು ಪುದೀನ ನೆಟ್ಟೆ. ಮೂರನೇ ದಿನ ಬೆಳಗ್ಗೆ ಚೊಂಬು ಹಿಡಿದು ಹೊರಗೆ ಬಂದರೆ ಅಷ್ಟೂ ಪಾಟಿನ ಮಣ್ಣು ಆಗಲೇ ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ಮೇಲೆ ಅವಳ ಬಾಗಿಲು ಮುಚ್ಚಿತ್ತು.

ಮಂಡಿ ಹಿಡಿದುಕೊಂಡು ಬಗ್ಗಿ ಮೂಸಿದೆ. ಬರೀ ನೀರು.