ಅಣ್ಣ ನೋಡದೇ ಉಳಿದ ಜಪಾನಿ ಕುಸ್ತಿ

ನಮ್ಮಣ್ಣನನ್ನು ನಾನು ಒಂದು ಸುಳ್ಳು ಹೇಳಿ ಓಣಿಯ ಬಾಯಿಂದಲೇ ತಿರುಗಿ ಕಳಿಸಿದೆ. ನಾನೇ ಬರೆದ ಕಾಗದ ನಂಬಿ, ಎರಡು ಬಸ್ಸು ಬದಲಿಸಿ, ನಮ್ಮ ಮನೆಯ ಟಿವಿಯಲ್ಲಿ ಜಪಾನಿನವರ ಕುಸ್ತಿ ನೋಡಲು ಅವನು ಬಂದಿದ್ದ. ಟಿವಿ ಕೆಟ್ಟಿದೆ ಅಂದೆ. ಕೆಟ್ಟಿರಲಿಲ್ಲ. ಅವನನ್ನು ಒಳಗೆ ಕರೆದು ಅರ್ಧ ತಾಸು ಗೋಡೆಗೆ ಒರಗಿಸಿ ಕೂಡಿಸಿದ್ದರೆ ಸಾಕಿತ್ತು. ಅಷ್ಟು ನನ್ನಿಂದ ಆಗಲಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಬರೆಯುವುದು ನಿಧಾನ. ಆದರೆ ಇದನ್ನು ಬೇರೆಯವರ ಕೈಯಿಂದ ಬರೆಸುವಂತಿಲ್ಲ.

ನನ್ನ ತವರು ಮಿಶ್ರಿಕೋಟಿ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಊರಿನ ಗರಡಿಮನೆಯ ಪೈಲ್ವಾನ. ಅವನ ಸಾಮಿನ ಹಿಂದಿನ ಕೆಲಸವೆಲ್ಲ ನನ್ನದಾಗಿತ್ತು. ದಿನಾ ಸಂಜೆ ನೆನೆಹಾಕಿದ ಬದಾಮಿಯ ಸಿಪ್ಪೆ ಸುಲಿದು ಕಲ್ಲಿನ ಮೇಲೆ ನುಣ್ಣಗೆ ಅರೆದು ಹಾಲಿಗೆ ಕಲಸಿ ಇಡುತ್ತಿದ್ದೆ. ಕೆಮ್ಮಣ್ಣು ಹಿಡಿದ ಅವನ ಬಟ್ಟೆಗಳನ್ನು ಹಳ್ಳದಲ್ಲಿ ಒಗೆದರೆ ನೀರು ದೂರದವರೆಗೂ ಕೆಂಪಾಗಿ ಹೋಗುತ್ತಿತ್ತು. ಆದರೆ ಅವನು ಕುಸ್ತಿ ಹಿಡಿಯುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ನಮ್ಮ ಕಡೆ ಗರಡಿಮನೆಯ ಹೊಸ್ತಿಲನ್ನು ಹೆಂಗಸರು ತುಳಿಯುವುದಿಲ್ಲ. ಕುಸ್ತಿಯ ಕಣಕ್ಕೂ ಹೋಗುವುದಿಲ್ಲ. ಗೆದ್ದು ಬಂದ ದಿನ ಅವನ ತಲೆಗೆ ಸುತ್ತಿದ ಬಹುಮಾನದ ಪಟಗ ನೋಡಿ, ಸೋತು ಬಂದ ದಿನ ಅವನ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ನನ್ನ ಮದುವೆಯಾದ ಮರುವರ್ಷ ಒಂದು ಕಣದಲ್ಲಿ ಅವನ ಮೊಣಕಾಲು ತಿರುಚಿತು. ಕುಸ್ತಿ ಅಲ್ಲಿಗೆ ಮುಗಿಯಿತು. ಊಟ ಮುಗಿಯಲಿಲ್ಲ. ಹುಡುಗರಿಗೆ ಪಟ್ಟು ಕಲಿಸುತ್ತ ಗರಡಿಯಲ್ಲೇ ಉಳಿದ. ಮೈ ಬೆಳೆಯಿತು, ಹೊಟ್ಟೆ ಮುಂದೆ ಬಂತು. ಒಂದು ಕಾಲದಲ್ಲಿ ಅವನ ಹೆಸರು ಕೂಗಿದ್ದ ಜನರೇ ಚಹದಂಗಡಿಯ ಮುಂದೆ ಅವನು ಹಾದು ಹೋದರೆ, "ಸರೀರಲೇ, ಗಾಡಿ ಬಂತು" ಅನ್ನತೊಡಗಿದರು. ಅವನೂ ನಗುತ್ತಿದ್ದ.

ಅಂಥ ದಿನಗಳಲ್ಲಿ ಕಲಘಟಗಿಯ ಕಟಿಂಗ್ ಅಂಗಡಿಯೊಂದರಲ್ಲಿ, ಹಳೆಯ ವಾರಪತ್ರಿಕೆಯೊಳಗೆ ಅವನು ಒಂದು ಚಿತ್ರ ನೋಡಿದ. ಇಬ್ಬರು ಜಪಾನಿ ಪೈಲ್ವಾನರು, ಇವನಿಗಿಂತ ಎರಡು ಪಟ್ಟು ದೊಡ್ಡ ಮೈ, ಲಂಗೋಟಿ, ಮಣ್ಣಿನ ಕಣ. ಅಂಗಡಿಯವನನ್ನು ಕೇಳಿ ಆ ಹಾಳೆ ಹರಿದುಕೊಂಡು ಬಂದ. ನಾನು ಆಗ ತವರಿಗೆ ಬಂದಿದ್ದೆ. ಅದನ್ನು ನನ್ನ ಮುಂದೆ ಹಿಡಿದ.

"ನೋಡವಾ ತಂಗಿ, ಇವರ ದೇಶದಾಗ ಹೊಟ್ಟಿದ್ದಾವ್ನ ಪೈಲ್ವಾನ. ರಾಜನಂಗ ಇಟ್ಟಾರಂತ."

"ಇಷ್ಟು ಮೈ ಹೊತ್ಗೊಂಡು ಹೆಂಗ ಆಡ್ತಾರಣ್ಣ?"

"ಅದನ್ನ ನೋಡಬೇಕಾಗೈತಿ. ಒಮ್ಮಿ ಕಣ್ಣಿಲೆ ನೋಡಿದ್ನೆಂದ್ರ ನನಗ ತಿಳೀತೈತಿ."

ಆ ಹಾಳೆಯನ್ನು ಗರಡಿಯಲ್ಲಿ ಹನುಮಪ್ಪನ ಫೋಟೋದ ಪಕ್ಕ ಹಚ್ಚಿದನಂತೆ. ವಸ್ತಾದರು, ಅಂದರೆ ಅವನಿಗೆ ಕುಸ್ತಿ ಕಲಿಸಿದ ಹಿರಿಯರು, ಬೈದರಂತೆ: "ದೇವರ ಬಾಜೂಕ ಯಾರ್ಯಾರನ್ನರ ಹಚ್ಚತೀ ಏನಲೇ?" "ಅವರೂ ಮಣ್ಣಿಗೆ ಕೈ ಮುಗಿಯಾವ್ರ ರೀ" ಅಂದನಂತೆ ಇವನು. ಕಡೆಗೆ ಎದುರಿನ ಗೋಡೆಗೆ ಹಚ್ಚಿದರು.

ಅಲ್ಲಿಂದ ಅವನ ಹುಡುಕಾಟ ಶುರುವಾಯಿತು. ಮೊದಲು ಶಾಲೆಯ ಮಾಸ್ತರರ ದೊಡ್ಡ ರೇಡಿಯೋ. ಹೊರದೇಶದ ಸ್ಟೇಶನ್ನುಗಳೂ ಅದರಲ್ಲಿ ಸಿಗುತ್ತವೆಂದು ಯಾರೋ ಹೇಳಿದ್ದರು. ನಸುಕಿನಲ್ಲಿ ಅವರ ಮನೆಗೆ ಹೋಗಿ ಕಿವಿ ಹಚ್ಚಿ ಕೂತು ಗುಂಡಿ ತಿರುವಿದ. ಒಂದು ದಿನ ಜಪಾನಿ ಭಾಷೆ ಇರಬಹುದೆನ್ನುವ ಮಾತು ಸಿಕ್ಕಿತು. ಒಬ್ಬ ಗಂಡಸು ಭರಭರ ಮಾತಾಡುತ್ತಿದ್ದ. ಅಣ್ಣ ಉಸಿರು ಬಿಗಿಹಿಡಿದು ಕೇಳಿದ. ಸ್ವಲ್ಪ ಹೊತ್ತಾದ ಮೇಲೆ ಮಾಸ್ತರರು, "ಪೈಲ್ವಾನ, ಇದು ಕುಸ್ತಿ ಅಲ್ಲೋ, ಬಾತ್ಮಿ ಅನಸ್ತೈತಿ" ಅಂದರು. "ಇರ್ಲಿ ಬಿಡ್ರಿ ಸರ, ಬಾತ್ಮ್ಯಾಗ ಕುಸ್ತಿ ಸುದ್ದಿ ಇದ್ರೂ ಇರಬಹುದು" ಎಂದು ಇವನು ಮುಗಿಯುವ ತನಕ ಏಳಲಿಲ್ಲ.

ನನ್ನನ್ನು ಕೊಟ್ಟದ್ದು ಸಂಶಿಗೆ. ಮಾವನವರದು ಕಿರಾಣಿ ಅಂಗಡಿ, ಸ್ವಲ್ಪ ಹೊಲ. ಹುಬ್ಬಳ್ಳಿಗೆ ಟಿವಿ ಗೋಪುರ ಬಂದ ಮೇಲೆ ನಮ್ಮ ಓಣಿಯಲ್ಲಿ ಮೊದಲು ಟಿವಿ ತಂದವರು ಅವರೇ. ಮಾಳಿಗೆಯ ಮೇಲೆ ಉದ್ದನೆಯ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದ್ದರು. ರವಿವಾರ ಮಧ್ಯಾಹ್ನ ಹೊರದೇಶದ ಆಟಗಳನ್ನು ತೋರಿಸುತ್ತಿದ್ದರು. ಕಾಲೇಜಿಗೆ ಹೋಗುವ ನನ್ನ ಮೈದುನ ಅದನ್ನು ತಪ್ಪದೆ ನೋಡುತ್ತಿದ್ದ. ಒಂದು ರವಿವಾರ ಕಾರ್ಯಕ್ರಮ ಮುಗಿದದ್ದೇ ಅಡಿಗೆಮನೆಗೆ ಓಡಿ ಬಂದು, "ವೈನಿ, ಬರೂ ವಾರ ಜಪಾನಿ ಕುಸ್ತಿ ಐತಂತರೀ. ಸುಮೋ ಅಂತಾರ ಅದಕ್ಕ. ನಿಮ್ಮಣ್ಣಗ ತಿಳಸ್ರಿ" ಅಂದ.

ಅವತ್ತೇ ಸಂಜೆ ಕಾರ್ಡು ಬರೆದೆ. "ಅಣ್ಣಾ, ಬರುವ ರವಿವಾರ ನೀನು ಹುಡುಕುತ್ತಿದ್ದದ್ದು ಬರುತ್ತದೆ. ಮುಂಜಾನೆ ಬಸ್ಸಿಗೆ ಬಾ." ಹಿಂದೆಂದೂ ಯಾವ ಕಾರ್ಡನ್ನೂ ಅಷ್ಟು ಖುಷಿಯಿಂದ ಬರೆದಿರಲಿಲ್ಲ.

ಗುರುವಾರ ಬೇರೆ ಸುದ್ದಿ ಬಂತು. ನನ್ನ ನಾದಿನಿಯನ್ನು ನೋಡಲು ಗದಗಿನಿಂದ ಗಂಡಿನವರು ರವಿವಾರವೇ ಬರುತ್ತಾರೆ. ಹುಡುಗ ಸರಕಾರಿ ನೌಕರಿಯವನು. ಮನೆಗೆ ಸುಣ್ಣ ಬಳಿದೆವು, ಕುರ್ಚಿಗಳನ್ನು ಒರೆಸಿದೆವು. ಕುರ್ಚಿ ಒರೆಸುವಾಗ ನನಗೆ ಹಿಂದಿನ ದೀಪಾವಳಿ ನೆನಪಾಯಿತು. ಅಣ್ಣ ಕೂತ ಬೆತ್ತದ ಕುರ್ಚಿ ಅವತ್ತು ಎಲ್ಲರ ಮುಂದೆ ಮುರಿದಿತ್ತು. ಮನೆಯವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕಿದ್ದ. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನಿಸಿತ್ತು.

ಅತ್ತೆಯ ಮೇಲೆ ತಪ್ಪು ಹಾಕಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಣ್ಣ ಬರುತ್ತಾನೆಂದು ಅವರಿಗೆ ಹೇಳಿದಾಗ ಅವರು ಅಂದದ್ದು ಇಷ್ಟೇ: "ಬರಲೇಳು. ಚಾಪಿ ಹಾಸು, ಗೋಡಿಗೆ ಒರಗಿ ಕುಂದ್ರತಾನ." ಯಾರೂ ಬೇಡ ಅನ್ನಲಿಲ್ಲ. ಆ ಹೊಸ ಮಂದಿಯ ಮುಂದೆ, ಅಂಗಿಯ ಗುಂಡಿ ಬಿಗಿದ ಆ ಮೈಯನ್ನು "ಇವನು ನಮ್ಮಣ್ಣ" ಎಂದು ತೋರಿಸುವುದು ನನಗೇ ಬೇಡವಾಗಿತ್ತು.

ರವಿವಾರ ಹನ್ನೊಂದರ ಸುಮಾರಿಗೆ ಕಸ ಚೆಲ್ಲುವ ನೆಪದಿಂದ ಓಣಿಯ ಬಾಯಿಗೆ ಹೋಗಿ ನಿಂತೆ. ಅಣ್ಣ ಬಂದ. ಮೊಣಕಾಲಿನಿಂದಾಗಿ ಸ್ವಲ್ಪ ವಾಲಿ ನಡೆಯುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಹೊಸ ಭತ್ತದ ಅವಲಕ್ಕಿಯ ಚೀಲ.

"ಶುರು ಆತೇನು?" ಅಂದ ದೂರದಿಂದಲೇ.

"ಅಣ್ಣಾ, ಟಿವಿ ಕೆಟ್ಟೈತಿ. ನಿನ್ನೆಯಿಂದ ಏನೂ ಬರವಲ್ದು. ಬರೇ ಇರುವಿ ಹರದಾಡಿದಂಗ ಕಾಣತೈತಿ."

"ಅಯ್ಯ, ಅಷ್ಟನ? ಆಂಟೆನಾ ತಿರುಗಿರಬೇಕು. ನಡಿ, ನಾ ಮಾಳಗಿ ಹತ್ತಿ ನೋಡತೇನಿ."

"ಬ್ಯಾಡಣ್ಣ. ಮಾಳಗಿ ಹತ್ತಬ್ಯಾಡ. ಮಂದಿ ಬರಾವ್ರದಾರ."

"ಯಾರು?"

"ನಾದಿನೀನ್ನ ನೋಡಾಕ. ಗದಗಿನವರು."

 ತನ್ನ ಅಂಗಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. "ಹೌದನ? ಛಲೋ ಆತಲ್ಲ. ಹಂಗಾರ ನೀ ಹೋಗವಾ, ಕೆಲಸ ಭಾಳ ಇರತಾವು" ಎಂದು ಚೀಲ ನನ್ನ ಕೈಗೆ ಕೊಟ್ಟ.

"ನೀರರ ಕುಡದ ಹೋಗು."

"ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡಿತೇನಿ."

ಅವನು ತಿರುಗಿ ನಡೆದ. ನಾನು ಅವನನ್ನು ಕೂಗಲಿಲ್ಲ. ಮನೆಯೊಳಗೆ ಬಂದಾಗ ಮೈದುನ ಕೇಳಿದ: "ನಿಮ್ಮಣ್ಣ ಬರಲಿಲ್ಲೇನ್ರಿ?" "ಇಲ್ಲ, ಬರಲಿಲ್ಲ" ಅಂದೆ.

ಮಧ್ಯಾಹ್ನ ಗಂಡಿನವರು ಬಂದು ಕೂತರು. ಮೈದುನ ಟಿವಿ ಹಚ್ಚಿದ. ಅದೇ ಅವಲಕ್ಕಿಗೆ ಒಗ್ಗರಣೆ ಕೊಟ್ಟು ತಾಟುಗಳಲ್ಲಿ ತಂದವಳು ನಾನು. ಹಾಗೆ ತಂದು ಕೊಡುತ್ತ ಪಡಸಾಲೆಯ ಬಾಗಿಲಲ್ಲೇ ನಿಂತುಬಿಟ್ಟೆ.

ಮಣ್ಣು ಬಡಿದು ಗಟ್ಟಿ ಮಾಡಿದ ಕಟ್ಟೆ. ಅದರ ಮೇಲೆ ಹುಲ್ಲಿನ ಹಗ್ಗದಂಥದೊಂದು ದುಂಡಗೆ ಹುಗಿದಿತ್ತು. ಇಬ್ಬರು ಬಂದು ಮುಷ್ಟಿಗಟ್ಟಲೆ ಉಪ್ಪು ತೂರಿದರು. ಒಂದು ಕಾಲನ್ನು ಆಕಾಶಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸಿದರು. "ಏನ್ ಹೊಟ್ಟಿಪಾ ಇದು, ತುಂಬಿದ ಕಣಜ ಇದ್ದಂಗೈತಿ" ಎಂದು ಗಂಡಿನ ಕಾಕಾ ನಕ್ಕರು. ಎಲ್ಲರೂ ನಕ್ಕರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಒಬ್ಬರನ್ನೊಬ್ಬರು ದಿಟ್ಟಿಸಿದರು. ಎದ್ದು ಹೋದರು, ಮತ್ತೆ ಬಂದು ಕೂತರು. ಆಮೇಲೆ ಎರಡು ಹೋರಿ ಹಾಯ್ದ ಹಾಗೆ ಒಂದೇ ಸಲ ಮೇಲೆ ಬಿದ್ದರು. ಸಣ್ಣವನು ಪಕ್ಕಕ್ಕೆ ಸರಿದು ದೊಡ್ಡವನ ಸೊಂಟದ ಪಟ್ಟಿ ಹಿಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ದೊಡ್ಡವನು ಗೆರೆಯ ಆಚೆ ಬಿದ್ದಿದ್ದ. ಪಡಸಾಲೆಯಲ್ಲಿ ನಗು ನಿಂತಿತ್ತು. "ಅಬ್ಬಬ್ಬಾ" ಅಂದರು ಅದೇ ಕಾಕಾ. ಸೋತವನು ಎದ್ದು ಬಂದು ಬಾಗಿ ನಮಸ್ಕಾರ ಮಾಡಿದ. ಗೆದ್ದವನೂ ಬಾಗಿದ. ಗೆದ್ದವನ ಮುಖದಲ್ಲಿ ಜಂಬ ಕಾಣಲಿಲ್ಲ.

ನನ್ನ ಜೀವನದಲ್ಲಿ ನಾನು ನೋಡಿದ ಮೊದಲ ಕುಸ್ತಿ ಅದು. ಅಷ್ಟು ವರ್ಷ ಬದಾಮಿ ಅರೆದದ್ದು ಯಾತಕ್ಕೆ ಎಂದು ಆಗ ತಿಳಿಯಿತು. ನಮ್ಮಣ್ಣನೂ ಹೀಗೆಯೇ ಕಣಕ್ಕೆ ಇಳಿದು, ಹೀಗೆಯೇ ಮಣ್ಣಿಗೆ ನಮಸ್ಕರಿಸಿ, ಹೀಗೆಯೇ ಗೆದ್ದಿರಬೇಕು. ಅವನು ಆ ಹೊತ್ತಿಗೆ ಇನ್ನೂ ಊರನ್ನೂ ಮುಟ್ಟಿರಲಿಕ್ಕಿಲ್ಲ.

ಆ ಸಂಬಂಧ ಕೂಡಿ ಬರಲಿಲ್ಲ. ಜಾತಕದ ಕಾರಣ ಹೇಳಿ ಕಳಿಸಿದರು.

ಆಮೇಲೆ ಪ್ರತಿ ರವಿವಾರ ಮಧ್ಯಾಹ್ನ ಕೆಲಸ ಬಿಟ್ಟು ಟಿವಿ ಮುಂದೆ ಕೂಡತೊಡಗಿದೆ. ಟೆನಿಸ್ ಬಂತು, ದೋಣಿಗಳ ಪಂದ್ಯ ಬಂತು, ಮಂಜುಗಡ್ಡೆಯ ಮೇಲೆ ಹೆಣ್ಣುಮಕ್ಕಳು ಜಾರುತ್ತ ಕುಣಿದದ್ದು ಬಂತು. "ಏನವಾ, ಆಟ ಕಲಿಯಾಕತ್ತೀ ಏನು? ಹೊಲಕ್ಕ ಬುತ್ತಿ ಒಯ್ಯೂದು ಬಿಟ್ಟು ಟೆನಿಸಿಗೆ ಹೋಗಾಕಿ ಏನು?" ಎಂದು ಅತ್ತೆ ಚೇಷ್ಟೆ ಮಾಡಿದರು. ಜಪಾನಿ ಕುಸ್ತಿ ಮತ್ತೆ ಬರಲಿಲ್ಲ. ಬಂದರೆ ಮತ್ತೆ ಕಾರ್ಡು ಬರೆಯಬೇಕು, ಕುತ್ತಿಗೆ ಕೊಯ್ದರೂ ಅವನನ್ನು ಒಳಗೆ ಕೂಡಿಸಬೇಕು ಎಂದುಕೊಂಡಿದ್ದೆ.

ಅಣ್ಣನೂ ಬಿಟ್ಟಿರಲಿಲ್ಲ. ಅದೆಲ್ಲ ಅವನ ಹೆಂಡತಿಯಿಂದ ನನಗೆ ತಿಳಿಯುತ್ತಿತ್ತು. ಹುಬ್ಬಳ್ಳಿಯ ವಿಡಿಯೋ ಅಂಗಡಿಗಳನ್ನೆಲ್ಲ ತಿರುಗಿ, "ಜಪಾನಿ ಕುಸ್ತಿ ಕ್ಯಾಸೆಟ್ ಐತೇನ್ರಿ?" ಎಂದು ಕೇಳಿದ್ದ. ಕರಾಟೆ ಪಿಕ್ಚರ್ ಕೊಡಲು ಬಂದವರೇ ಎಲ್ಲರೂ. ದುಬೈಯಲ್ಲಿ ಕೆಲಸಕ್ಕಿದ್ದ ಊರಿನವನೊಬ್ಬನಿಗೆ ಹೇಳಿಟ್ಟಿದ್ದ. ಅವನು ರಜೆಗೆ ಬಂದಾಗ ನಿಜವಾಗಿಯೂ ಒಂದು ಕುಸ್ತಿಯ ಕ್ಯಾಸೆಟ್ ತಂದ. ಬಾಡಿಗೆಗೆ ವಿಡಿಯೋ ತರಿಸಿ, ಗರಡಿಯ ಹುಡುಗರನ್ನೆಲ್ಲ ಕೂಡಿಸಿ, ತೆಂಗಿನಕಾಯಿ ಒಡೆದು ಹಚ್ಚಿದರೆ ಅದು ಅಮೆರಿಕದವರದು. ಬಣ್ಣದ ಚಡ್ಡಿ ಹಾಕಿಕೊಂಡವರು ಹಗ್ಗದ ಮೇಲೆ ಹಾರಿ ಒಬ್ಬರನ್ನೊಬ್ಬರು ಕುರ್ಚಿಯಿಂದ ಹೊಡೆಯುತ್ತಿದ್ದರಂತೆ. ಹುಡುಗರು ಸಿಳ್ಳು ಹೊಡೆದರು. ಅಣ್ಣ ನಡುವೆಯೇ ಬಂದ್ ಮಾಡಿಸಿ, "ಇದು ಬಯಲಾಟಲೇ, ಏಳ್ರಿ ಎಲ್ಲಾರು" ಅಂದನಂತೆ. ಅವನ ಹೆಂಡತಿ ಅದನ್ನು ನಗುತ್ತ ಹೇಳಿದಳು. ನನಗೆ ನಗಲು ಆಗಲಿಲ್ಲ.

ಹೀಗೆ ಮೂರು ವರ್ಷ ಹೋದವು. ನಡುವೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಮೂರನೇ ವರ್ಷ ನನ್ನನ್ನು ಪಂಚಮಿಗೆ ಕರೆದೊಯ್ಯಲು ಬಂದವನು ಬಾಗಿಲಲ್ಲಿ ನಿಂತಾಗ ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅಂಗಿ ಮೈಮೇಲೆ ಜೋತು ಬಿದ್ದಿತ್ತು. ಅತ್ತೆಯೇ ಕುರ್ಚಿ ಹಾಕಿ, "ಟಿವಿ ಹಚ್ಚವಾ, ನಿಮ್ಮಣ್ಣ ನೋಡ್ಲಿ" ಅಂದರು. "ಬ್ಯಾಡ್ರೀ ಅತ್ತಿ, ಆ ಹುಚ್ಚು ಬಿಟ್ಟೈತಿ" ಅಂದ ಅವನು. ಗರಡಿಗೂ ಈಗ ಹೋಗುತ್ತಿರಲಿಲ್ಲ.

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಿಶ್ರಿಕೋಟಿ ಬಸ್ಸಿಗೆ ಕಾಯುತ್ತ ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆವು. ಹಿಂದೆ ಇವನೊಡನೆ ಕುಸ್ತಿ ಹಿಡಿಯುತ್ತಿದ್ದ ಬಮ್ಮಿಗಟ್ಟಿಯವನೊಬ್ಬ ಬಂದ.

"ಏನೋ ಪೈಲ್ವಾನ, ಅರ್ಧಾ ಆಗೀಯಲ್ಲೋ! ಉಳದರ್ಧ ಎಲ್ಲಿ ಬಿಟ್ಟಿ?"

"ಡಾಕ್ಟರ್ ಇಟಗೊಂಡಾನ."

"ಮತ್ತ ನಿನ್ನ ಜಪಾನಿನವರು? ಸಿಕ್ಕರೋ ಇಲ್ಲೋ ಕಡೀಗೆ?"

"ಒಮ್ಮಿ ನಮ್ಮ ತಂಗಿ ಮನೀತನಕ ಬಂದಿದ್ರು ನೋಡು. ಅವತ್ತ ಟಿವಿ ಕೆಟ್ಟು ಕುಂತಿತ್ತು. ಪಾಪ, ಈಕಿ ಕಾಗದ ಬರದು ಕರಸಿದ್ಲು. ನನಕಿಂತ ಈಕೀಗೇ ಭಾಳ ಕೆಟ್ಟ ಅನಿಸ್ತು."

ಇಬ್ಬರೂ ನಕ್ಕರು. ಬಮ್ಮಿಗಟ್ಟಿಯವನ ಬಸ್ಸು ಬಂತು, ಅವನು ಓಡಿದ. ಅಣ್ಣ ಇನ್ನೂ ನಗುತ್ತಲೇ ಇದ್ದ. ಮೂರು ವರ್ಷ ಊರವರ ಮುಂದೆ ಅವನು ನನ್ನ ಮೇಲೆ ತಪ್ಪು ಬಾರದ ಹಾಗೆ ಹೀಗೆಯೇ ಕಾಯ್ದುಕೊಂಡು ಬಂದಿದ್ದಾನೆ ಎಂದು ಆಗ ಅರ್ಥವಾಯಿತು.

"ಅಣ್ಣಾ, ಅವತ್ತ ಟಿವಿ ಕೆಟ್ಟಿರಲಿಲ್ಲ" ಅಂದೆ. "ಛಲೋನ ಇತ್ತು. ಗದಗಿನವರ ಕೂಡ ನಾನೂ ನಿಂತು ಪೂರಾ ನೋಡಿದೆ."

ಅವನ ನಗು ಹೋಯಿತು.  ಅವನು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತ ಕೂತ. ಬೈದಿದ್ದರೆ ಚೆನ್ನಾಗಿತ್ತು. ತಲೆ ಎತ್ತದೆ ಒಂದೇ ಮಾತು ಕೇಳಿದ.

"ಹೆಂಗಿತ್ತವಾ?"

 ಮೂರು ವರ್ಷ ಅದನ್ನು ಮನಸ್ಸಿನಲ್ಲಿ ಸಾವಿರ ಸಲ ಅವನಿಗೆ ಹೇಳಿಕೊಂಡಿದ್ದೆ. ಸುತ್ತಲಿನ ಮಂದಿ ನೋಡುತ್ತಿದ್ದರು. ನೋಡಲಿ ಎಂದುಕೊಂಡು ಅವನ ಎರಡೂ ಕೈ ಹಿಡಿದೆ.

"ಅದು ನನ್ನ ಬಾಯಿಲೆ ಹೇಳಾಕ ಬರೂದಿಲ್ಲಣ್ಣಾ, ನೀನ ನೋಡಬೇಕಾಗಿತ್ತು. ಆ ಮಂದಿ ಮುಂದ ನಿನ್ನ ಅಣ್ಣ ಅನ್ನಾಕ ನಾ ನಾಚಿಕೊಂಡೆ. ಅದಕ್ಕ ಸುಳ್ಳು ಹೇಳಿ ಕಳಿಸಿದೆ. ತಪ್ಪಾತಣ್ಣಾ. ನಂದು ತಪ್ಪಾತು."