ರೊಪ್ಪದೊಳಗಿನ ಮಾತು

ಮಾನವ ಹಕ್ಕುಗಳ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿ, ಆಮೇಲೆ ರಾಯಭಾರ ಕಚೇರಿಗಳಲ್ಲಿ ದುಡಿದು, ಕೊನೆಗೆ ಒಂದು ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಸೇರಿದೆ. ಅಲ್ಲಿ ನನ್ನ ಮೇಜಿಗೆ ಬಂದದ್ದು ನನ್ನೂರಿನದೇ ಯೋಜನೆ. ನನ್ನಿವಾಳದ ಹತ್ತಿರ ನಮ್ಮ ಹಟ್ಟಿಯ ದನ ಮೇಯುವ ಕಾವಲಿಗೆ ಬೇಲಿ ಹಾಕಿ ಸೋಲಾರ್ ಪಾರ್ಕ್ ಮಾಡಬೇಕು. ಹಣ ನಮ್ಮ ಸಂಸ್ಥೆಯದು. ರಸ್ತೆ ಬದಿ ಶಾಮಿಯಾನ ಹಾಕಿ ಜನರನ್ನು ಕೇಳಿದ್ದಾಯಿತು, ಯಾರೂ ತಕರಾರು ಎತ್ತಲಿಲ್ಲ ಎಂದು ವರದಿ ಹೇಳುತ್ತಿತ್ತು.

"ಮೌನಂ ಸಮ್ಮತಿ ಲಕ್ಷಣಂ. ನೀವು ಅಲ್ಲಿಯವರೇ ಅಲ್ಲವೇ ಮೇಡಂ, ಒಂದು ಸಹಿ ಹಾಕಿಬಿಡಿ," ಎಂದರು ನಮ್ಮ ಮುಖ್ಯಸ್ಥರು.

ನನಗೆ ಮೈಯೆಲ್ಲ ಉರಿಯಿತು. ರಾಯಭಾರ ಕಚೇರಿಯಲ್ಲಿದ್ದಾಗ, ಸಂಧಾನದ ಸಭೆಯಲ್ಲಿ ದೊಡ್ಡ ದೇಶವೊಂದು ಸುಮ್ಮನೆ ಕುಳಿತರೆ ಅದನ್ನು ಒಪ್ಪಿಗೆ ಎಂದು ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕಾದು, ಓಲೈಸಿ, ಮತ್ತೆ ಕೇಳುತ್ತಿದ್ದೆವು. ದನ ಕಾಯುವವರು ಸುಮ್ಮನಿದ್ದರೆ ಮಾತ್ರ ಸಮ್ಮತಿಯಂತೆ! ಆ ಕಾವಲಿನಲ್ಲಿ ಮೇಯುವುದು ದೇವರಿಗೆ ಬಿಟ್ಟ ಎತ್ತುಗಳು. ಅವುಗಳಿಗೆ ಸಂಬಂಧಿಸಿದ ಮಾತನ್ನು ನಮ್ಮ ಹಟ್ಟಿಯವರು ಆ ಎತ್ತುಗಳ ಎದುರಿಗೇ, ಅವನ್ನು ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ, ಬರಿಗಾಲಲ್ಲಿ ನಿಂತು ಆಡುತ್ತಾರೆ. ಹೊರಗೆ ಆಡಿದ್ದು ಮಾತೇ ಅಲ್ಲ. ಶಾಮಿಯಾನದಲ್ಲಿ ಅವರು ಟೀ ಕುಡಿದು ಎದ್ದು ಬಂದಿದ್ದರು, ಅಷ್ಟೆ.

ಸಹಿ ಹಾಕುವುದಿಲ್ಲ, ಬೇಕಾದರೆ ಕೆಲಸದಿಂದ ತೆಗೆಯಿರಿ, ಇಲ್ಲವೇ ನೀವೇ ಬಂದು ರೊಪ್ಪದಲ್ಲಿ ಕೇಳಿ ಎಂದೆ. ಮುಖ್ಯಸ್ಥರನ್ನು ಚಳ್ಳಕೆರೆಯಿಂದ ಜೀಪಿನಲ್ಲಿ ಹಟ್ಟಿಗೆ ಕರೆತಂದು, ಬೂಟು ಬಿಚ್ಚಿಸಿ ರೊಪ್ಪದೊಳಗೆ ಕಳಿಸಿದೆ. ಪಾಪ, ಸಗಣಿ ತಪ್ಪಿಸಲು ಹೋಗಿ ಮುಳ್ಳು ತುಳಿದರು. ಎತ್ತು ಕಾಯುವ ಕಿಲಾರಿ ನನ್ನ ಸೋದರಮಾವ. ಎತ್ತಿನ ಬೆನ್ನ ಮೇಲೆ ಕೈಯಿಟ್ಟು, "ಕಾವಲು ಬಿಡಲ್ಲ ಸ್ವಾಮಿ. ಇವು ಎಲ್ಲಿ ಮೇಯ್‌ಬೇಕು?" ಎಂದ. ಹಿರಿಯರೆಲ್ಲ ಅದನ್ನೇ ಹೇಳಿದರು. ಮುಖ್ಯಸ್ಥರು ಬರೆದುಕೊಂಡರು.

ಗೆದ್ದೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಇಷ್ಟು ದೇಶ ಸುತ್ತಿದ ನಾನೂ, ನನ್ನ ಅವ್ವನೂ, ಹಟ್ಟಿಯ ಉಳಿದ ಹೆಂಗಸರೂ ನಿಂತಿದ್ದದ್ದು ಬೇಲಿಯ ಹೊರಗೆ.

"ಮಾವ, ಅವ್ವನ್ನೂ ಒಂದ್ ಮಾತು ಕೇಳು," ಎಂದು ಅಲ್ಲಿಂದಲೇ ಕೂಗಿದೆ.

"ಹೆಣ್ಮಕ್ಕಳು ರೊಪ್ಪದಾಗೆ ಬಂದು ಮಾತಾಡಂಗಿಲ್ಲ, ನಿಂಗೊತ್ತಿಲ್ವೇನವ್ವ? ನಾವ್ ಹೇಳಿದ್ದಕ್ಕೆ ಅವರದೂ ಒಪ್ಪಿಗೆ ಐತೆ. ಒಂದಿನನಾದ್ರೂ ಬ್ಯಾಡ ಅಂದವರಾ?"

"ಈ ಸಾಹೇಬ್ರೂ ನಿಮ್ ಬಗ್ಗೆ ಇದನ್ನೇ ಹೇಳಿದ್ರು ಮಾವ."

ಮಾವ ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಅವನು ಏನಾದರೂ ಹೇಳಲಿ ಎಂದು ಅವ್ವ ಕಾಯಲಿಲ್ಲ. ಬಾಗಿಲಿಗೆ ಅಡ್ಡವಿಟ್ಟಿದ್ದ ಮುಳ್ಳನ್ನು ತಾನೇ ಸರಿಸಿ ಒಳಗೆ ನಡೆದು, ಮುಖ್ಯಸ್ಥರ ಎದುರು ನಿಂತಳು.

"ಕಾವಲು ಕೊಡಲ್ಲ, ಬರ್ಕಳಪ್ಪ. ಅವರ್ದು ಬರ್ದೀಯಲ್ಲ, ಅದ್ರಾಗೆ ಸೇರಿಸ್ಬ್ಯಾಡ. ನಾನ್ ಹೇಳಿದ್ದು ಅಂತ ಬ್ಯಾರೆ ಸಾಲ್ನಾಗೆ ಬರಿ."