ಮುಯ್ಯಿ ಬೇಡವೆಂದ ಆರು ಹೆಂಗಸರು

ಕನಿಕರ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಾದರೂ ದನಿ ತಗ್ಗಿಸಿ, "ನೀನು ಸುಮ್ನೆ ಕೂತ್ಕೋ, ನಾವ್ ಮಾಡ್ತೀವಿ" ಅಂದರೆ ಎದ್ದು ಹೋಗಿಬಿಡುತ್ತೇನೆ. ಬಜಾರಿ ಅಂತ ಹೆಸರು ಬಂದಿದೆ. ಬರಲಿ. ಆ ಸುಮ್ಮನೆ ಕೂರುವುದನ್ನು ನಾನು ನಾಲ್ಕು ತಿಂಗಳು ಮಾಡಿ ನೋಡಿದ್ದೇನೆ.

ಹೊಸೂರಿನಾಚೆ ನಮ್ಮ ತಳಿ ಊರಿನ ಕಡೆ ಗುಲಾಬಿ ತೋಟಗಳು ಹೊಸದಾಗಿ ಏಳುತ್ತಿದ್ದ ಕಾಲ. ಆ ವರ್ಷ ಆಷಾಢ ಮುಗಿಯುತ್ತಿದ್ದಂತೆ, ಬಸಿರಿನ ಎಂಟನೇ ತಿಂಗಳಲ್ಲಿ, ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣುಮಗು. ಊರಲ್ಲಿ ಅದನ್ನು ಯಾರೂ ಸಾವು ಅನ್ನಲಿಲ್ಲ. "ಇನ್ನೊಂದ್ ಆಯ್ತದೆ ಬುಡು" ಎಂದು ಬಾಗಿಲಲ್ಲೇ ನಿಂತು ಹೇಳಿ, ಒಳಗೂ ಬರದೆ ಹೋದರು. ನಾನು ಮಾತು ಬಿಟ್ಟೆ. ಕಣ್ಣೆದುರಿಗೇ ಹಾಲು ಉಕ್ಕಿ ಒಲೆ ಆರಿದರೂ ಏಳುತ್ತಿರಲಿಲ್ಲ. ಕೊನೆಗೆ ಗಂಡ ನನ್ನನ್ನು ಡೆಂಕಣಿಕೋಟೆಯಲ್ಲಿ ಬಸ್ಸು ಬದಲಾಯಿಸಿ ಹೊಸೂರಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬರೆದು, "ತನಿಯಾ ಇರುಕ್ಕಾದೀಂಗಮ್ಮಾ" ಅಂದರು. ಒಂಟಿಯಾಗಿ ಇರಬೇಡಿ, ನಾಲ್ಕು ಜನರ ಜೊತೆ ಕಲೆತು ಕೆಲಸ ಮಾಡಿ ಅಂತ. ಮಾತ್ರೆ ಪಕ್ಕದ ಅಂಗಡಿಯಲ್ಲೇ ಸಿಕ್ಕಿತು. ಆ ನಾಲ್ಕು ಜನ ಎಲ್ಲಿ ಸಿಗುತ್ತಾರೆ ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ಆದರೆ ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಏಳು ಹೆಂಗಸರ ಮುಯ್ಯಾಳು ಗುಂಪಿತ್ತು. ಇವತ್ತು ಆರು ಜನ ನನ್ನ ಹೊಲಕ್ಕೆ ಬಂದು ರಾಗಿ ಕೊಯ್ದರೆ, ನಾನು ಆ ಆರು ಮನೆಗಳಿಗೂ ಒಂದೊಂದು ದಿನ ಹೋಗಿ ಕೊಯ್ದು ಬರಬೇಕು. ಅದು ಮುಯ್ಯಿ. ಕೂಲಿಯ ಮಾತಿಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಬದಲು ನಾನು ಆ ಸಾಲಿಗೆ ಸೇರಿದ್ದೆ. ಸಾಲಿನ ಆ ತುದಿಯಲ್ಲಿ ಕನ್ನಡ, ಈ ತುದಿಯಲ್ಲಿ ತೆಲುಗು, ಬೈಯುವುದಿದ್ದರೆ ಎಲ್ಲರೂ ತಮಿಳು. ಆ ಊರು ನನ್ನದೂ ಹೌದು ಅಂತ ಮೊದಲು ಅನ್ನಿಸಿದ್ದು ಗಂಡನ ಮನೆಯೊಳಗಲ್ಲ, ಆ ಸಾಲಿನಲ್ಲಿ ಬಗ್ಗಿ ನಿಂತಾಗ.

ಆ ಸಲ ಕೊಯ್ಲು ನಮ್ಮ ಹೊಲದಿಂದಲೇ ಶುರುವಾಯಿತು. ಬೆಳಿಗ್ಗೆ ನೋಡಿದರೆ ಗೋಡೆಯ ಮೊಳೆಯಲ್ಲಿ ನನ್ನ ಕುಡುಗೋಲು ಇಲ್ಲ. ಅತ್ತೆಯನ್ನು ಕೇಳಿದೆ. "ಈಗ ನಿಂಗ್ಯಾಕವ್ವ ಅದು?" ಅಂದರು. ಆರು ಜನ ಬಂದರು, ನನ್ನನ್ನು ಹೊಂಗೆ ಮರದ ಕೆಳಗೆ ಕೂರಿಸಿದರು. ಸಾಲಿನಲ್ಲಿ ನಗು ಕೇಳಿಸಿತೆಂದು ನೀರು ತೆಗೆದುಕೊಂಡು ಹೋದರೆ ಎಲ್ಲರ ಬಾಯಿಗೂ ಬೀಗ. ಸಂಜೆ ಗುಂಪಿನ ಹಿರಿಯಳು, ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದವಳು, ನನ್ನ ಕೆನ್ನೆ ಸವರಿದಳು.

"ಮುಯ್ಯಿಗೆ ನೀನೇನೂ ಬರಬ್ಯಾಡ ಕಣವ್ವ. ಮನೇಲಿ ಮಲಕ್ಕೊಂಡಿರು. ನಾವ್ಯಾರೂ ಕೇಳಕ್ಕಿಲ್ಲ."

ಅತ್ತೆ ಕೈಮುಗಿದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮ ಬೀದಿಯಲ್ಲಿ ಮುಯ್ಯಿ ಕೇಳದೆ ಹೊಲ ಕೊಯ್ದು ಕೊಡುವುದು ಒಂದೇ ಒಂದು ಸಂದರ್ಭದಲ್ಲಿ, ಸಾಲಿನ ಹೆಂಗಸು ಸತ್ತಾಗ. ಆ ವರ್ಷದ ರಾಗಿಯನ್ನು ಉಳಿದವರು ಕೊಯ್ದು ಕೊಡುತ್ತಾರೆ, ಮರುವರ್ಷ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ. ನನ್ನ ಮಗು ಸತ್ತದ್ದು ಇವರಿಗೆ ಸಾವಲ್ಲ. ನೀರಿನ ಕೊಡ ಹಿಡಿದು ಎದುರಿಗೆ ನಿಂತ ನಾನು ಸತ್ತವಳು!

ಮಾರನೆಯ ದಿನ ಅವರು ದೊಡ್ಡವ್ವನ ಹೊಲಕ್ಕೆ ಹೊರಟರು. ನಮ್ಮ ಬಾಗಿಲು ದಾಟುವಾಗ ಮೆಲ್ಲಗೆ ಹೆಜ್ಜೆ ಹಾಕಿದ್ದು ನನಗೆ ಕೇಳಿಸಿತು. ಊರಿನ ಹುಡುಗಿಯರೆಲ್ಲ ಗುಲಾಬಿ ತೋಟದ ಜೀಪು ಹತ್ತುತ್ತಿದ್ದರು, ಕೊಯ್ಲಿಗೆ ಒಂದಾಳು ಸಿಕ್ಕರೆ ಪುಣ್ಯ ಅನ್ನುವ ಹಾಗಿತ್ತು. ಇವರು ಸೊಂಟ ಮುರಿದುಕೊಂಡಾರು, ನನ್ನನ್ನು ಮಾತ್ರ ಕರೆಯರು.

ಅಟ್ಟ ಹತ್ತಿ ಜಾಲಾಡಿದೆ. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಕುಡುಗೋಲು ಸಿಕ್ಕಿತು. ಅತ್ತೆಯ ಹೆದರಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಬದುಕು ಸಾಕು ಅನ್ನಿಸಿದ ದಿನಗಳಿದ್ದವು. ಆದರೆ ಕುಡುಗೋಲು ಬಚ್ಚಿಡಲು ಗೊತ್ತಿದ್ದವರಿಗೆ ಪಕ್ಕದಲ್ಲಿ ಕೂತು, ಏನಾಗ್ತಿದೆ ನಿನಗೆ ಅಂತ ಕೇಳಲು ಗೊತ್ತಿರಲಿಲ್ಲ. ಅತ್ತೆ ಹಿಂದೆ ಹಿಂದೆ ಕೂಗುತ್ತಲೇ ಬಂದರು. ನಾನು ತಿರುಗಿ ನೋಡದೆ ದೊಡ್ಡವ್ವನ ಹೊಲದ ಬದುವಿನ ಮೇಲೆ ಹೋಗಿ ನಿಂತೆ.

ಸಾಲು ನಿಂತಿತು. ದೊಡ್ಡವ್ವ ಅದೇ ಮೆತ್ತನೆಯ ದನಿಯಲ್ಲಿ, "ಯಾಕವ್ವ ಬಂದೆ, ಬಿಸ್ಲು..." ಅಂದಳು.

"ಮುಯ್ಯಿ ತೀರ್ಸಕ್ಕೆ ಬಂದಿವ್ನಿ!" ನನ್ನ ದನಿ ನನಗೇ ಹೊಸದಾಗಿತ್ತು. "ಮುಯ್ಯಿ ಬ್ಯಾಡ ಅನ್ನಕ್ಕೆ ನಾನೇನು ಸತ್ತೋಗಿದ್ದೀನಾ?"

"ಬುಡ್ತು ಅನ್ನೇ! ನಿನ್ ಬಾಯ್ಗ್ ಮಣ್ಣಾಕ," ದೊಡ್ಡವ್ವನ ಮೆತ್ತನೆ ದನಿ ಹಾರಿಹೋಯಿತು. "ನಮ್ಗೆ ಭಯ ಆಯ್ತು ಕಣೇ. ನಿನ್ ತಾವ ಏನ್ ಮಾತಾಡ್ಬೇಕು ಅಂತ್ಲೇ ತಿಳೀಲಿಲ್ಲ."

"ತಿಳೀದಿದ್ರೆ ಬಯ್ಯಬೇಕಾಗಿತ್ತು! ನಾಕು ತಿಂಗ್ಳಾಯ್ತು. ಮಗು ಹೆಂಗಿತ್ತು ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ?"

ಉತ್ತರಕ್ಕೆ ಕಾಯದೆ ನಾನು ಸಾಲಿನ ತುದಿಗೆ ನುಗ್ಗಿ ಬಗ್ಗಿ ಕೊಯ್ಯತೊಡಗಿದೆ. ನಾಲ್ಕು ಹಿಡಿ ಕೊಯ್ಯುವಷ್ಟರಲ್ಲಿ ದೊಡ್ಡವ್ವ ನನ್ನ ಮೇಲೆ ಎಗರಿದಳು. "ಅಷ್ಟು ಮ್ಯಾಲಕ್ಕೆ ಕೊಯ್ತಾರೇನೇ? ಹುಲ್ಲೆಲ್ಲ ಹೊಲದಲ್ಲೇ ಉಳೀತು. ದನಕ್ಕೇನು ನಿನ್ ತಲೆ ಹಾಕ್ಲಾ? ಬುಡಕ್ಕೆ ಕೊಯ್ಯಿ!" ಬುಡಕ್ಕೆ ಕೊಯ್ದೆ. ಉಳಿದವರೂ ಬಗ್ಗಿದರು.

ಆಮೇಲೆ ನನ್ನ ಪಕ್ಕದವಳು, ತೆಲುಗು ಮನೆಯವಳು, ತಲೆ ಎತ್ತದೆ ಕೇಳಿದಳು. "ಕೂದ್ಲು ಇತ್ತೇನೇ?"

"ಇತ್ತು ಅಕ್ಕಾ. ತುಂಬಾ ಇತ್ತು. ಕಿವಿ ಮುಚ್ಚೋ ಅಷ್ಟು."

ಇನ್ನೊಬ್ಬಳು ಬಣ್ಣ ಕೇಳಿದಳು. ಮೂಗು ಯಾರದು ಅಂತ ಮತ್ತೊಬ್ಬಳು. ಹೇಳುತ್ತಾ ಹೋದೆ, ಕೊಯ್ಯುತ್ತಾ ಹೋದೆ. ಯಾರೋ ಕುಡುಗೋಲು ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ದೊಡ್ಡವ್ವ ಕೊಯ್ದ ರಾಗಿಯ ಪಕ್ಕದಲ್ಲೇ ಕುಸಿದು ಕೂತು, ಸಾವಿನ ಮನೆಯಲ್ಲಿ ಅಳುವ ಹಾಗೆ ಗಟ್ಟಿಯಾಗಿ ಅತ್ತಳು. ಆರು ಜನವೂ ಅತ್ತರು. ಬದುವಿನ ಮೇಲೆ ನಿಂತಿದ್ದ ಅತ್ತೆಯೂ ಅತ್ತರು. ನನ್ನ ಮಗಳಿಗೆ ಆ ಅಳು ಸಿಕ್ಕಿದ್ದು ನಾಲ್ಕು ತಿಂಗಳು ತಡವಾಗಿ, ಅದೂ ನಾನು ಹೋಗಿ ಜಗಳ ಆಡಿದ ಮೇಲೆ. ಅದಕ್ಕೆ ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೊತ್ತು ಇಳಿಯುವಾಗ, ನಾಳೆ ಯಾರ ಹೊಲ ಅಂತ ನಾನೇ ಕೇಳಿದೆ.